ತಾವಾಗಿಯೇ ಏಳುತ್ತವೆ

ನಮ್ಮ ಕಡೆ ಯಾರ ಮೇಲಾದರೂ ಹೊಟ್ಟೆ ಉರಿದು ಶಾಪ ಹಾಕಬೇಕಾದರೆ 'ನಿನ್ನ ಮನೆ ಎಕ್ಕುಟ್ಟೋಗ' ಎನ್ನುತ್ತಾರೆ. ಮನೆ ಬಿದ್ದು, ಮಂದಿ ಅಳಿದು, ಆ ಜಾಗದಲ್ಲಿ ಎಕ್ಕದ ಗಿಡ ಹುಟ್ಟಲಿ ಎಂದು ಅದರ ಅರ್ಥ. ಅಂಥ ಎಕ್ಕವನ್ನು ಗುಂಡಿ ತೋಡಿ, ಸಾಲು ಹಿಡಿದು, ಮನೆಯಂಗಳದ ತನಕ ನಾವೇ ನೆಟ್ಟುಕೊಂಡೆವು. ನೆಡಿಸಿದವನು ನಾನು.

ನನ್ನ ಹೆಸರು ಚಿಕ್ಕಹೊನ್ನಯ್ಯ. ಕನಕಪುರದ ಸುತ್ತಿನ ಹಳ್ಳಿಗಳಲ್ಲಿ ಇಪ್ಪತ್ತೇಳು ವರ್ಷ ರೇಷ್ಮೆ ಹುಳು ಸಾಕುವುದನ್ನು ಹೇಳಿಕೊಟ್ಟಿದ್ದೇನೆ. ನಗಿಸದೆ ಪಾಠ ಮಾಡಿದರೆ ನಮ್ಮ ಜನ ಆಕಳಿಸಿ ಎದ್ದು ಹೋಗುತ್ತಾರೆ. ಹಾಗಾಗಿ ನಾನು ಬಾಯಿ ತೆರೆದರೆ ತಮಾಷೆಯೇ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಹುಳು ಸಾಕುವವರ ಶತ್ರು ಊಜಿ ನೊಣ. ಅದು ಹುಳುವಿನ ಮೈಮೇಲೆ ಒಂದು ಮೊಟ್ಟೆ ಇಟ್ಟು ಹೋಗುತ್ತದೆ. ಮರಿ ಹೊರಬಂದು ಹುಳುವನ್ನು ಒಳಗಿನಿಂದಲೇ ತಿನ್ನುತ್ತದೆ. ಬಲೆ ಕಟ್ಟಿ, ಪುಡಿ ಎರಚಿ, ದೇವರಿಗೆ ಹೇಳಿಕೊಂಡು ಸಾಕಾಗಿದ್ದ ಹೊತ್ತಿನಲ್ಲಿ ಒಂದು ಖಾಸಗಿ ಸಂಶೋಧನಾ ಕೇಂದ್ರದಿಂದ ನನಗೆ ಕರೆ ಬಂತು. ಅಲ್ಲಿನ ಮುಖ್ಯಸ್ಥರು ಡಾಕ್ಟರ್ ಶ್ರೀವತ್ಸ ಹತ್ವಾರ್. ಕರಾವಳಿಯವರು, ಪುಸ್ತಕದ ಹಾಗೆ ಮಾತಾಡುವವರು, ನನ್ನಂಥವನಿಗೂ ಎದ್ದು ನಿಂತು ಕುರ್ಚಿ ಕೊಡುವವರು. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅವರು ಗಾಜಿನ ಡಬ್ಬಿಯಲ್ಲಿ ಒಂದು ಹುಳು ತೋರಿಸಿದರು. ಬಿಳಿ, ಕಪ್ಪು, ಹಳದಿ ಪಟ್ಟೆ. ಎಕ್ಕದ ಎಲೆಯ ಮೇಲೆ ಕುಳಿತಿತ್ತು. "ಇದು ಕಿತ್ತಳೆ ರೆಕ್ಕೆಯ ಒಂದು ಚಿಟ್ಟೆಯ ಮರಿ. ತಿನ್ನುವ ಮೊದಲು ಏನು ಮಾಡುತ್ತದೆ ನೋಡಿ" ಎಂದರು. ಹುಳು ಎಲೆಯ ನರವನ್ನು ಕಡಿಯಿತು. ಹಾಲು ಸೋರಿತು. ಸೋರುವುದು ನಿಂತ ಮೇಲೆ ಅದರಾಚೆಯ ಎಲೆಯನ್ನು ನಿಧಾನವಾಗಿ ಮೇಯತೊಡಗಿತು.

"ಎಕ್ಕದ ಹಾಲು ಹೃದಯಕ್ಕೆ ವಿಷ, ಹೊನ್ನಯ್ಯ. ಪ್ರತಿ ಜೀವಕೋಶದ ಗೋಡೆಯಲ್ಲೂ ಉಪ್ಪನ್ನು ಹೊರಹಾಕುವ ಒಂದು ಪಂಪು ಇರುತ್ತದೆ. ಈ ವಿಷ ಅದರಲ್ಲಿ ಬೇರೆ ಬೀಗದ ಕೀಲಿಯಂತೆ ಸಿಕ್ಕಿಕೊಂಡು ಪಂಪು ನಿಲ್ಲಿಸುತ್ತದೆ. ಈ ಹುಳುವಿನ ಪಂಪಿನಲ್ಲಿ ಒಂದೆರಡು ಕಡೆ ಸಣ್ಣ ಬದಲಾವಣೆ ಇದೆ. ಕೀಲಿ ಕೂರುವುದೇ ಇಲ್ಲ. ಎಲೆಯಿಂದ ಮೈ ಬೆಳೆಸಿಕೊಳ್ಳುತ್ತದೆ, ವಿಷವನ್ನು ಚರ್ಮದಲ್ಲಿ ಕೂಡಿಡುತ್ತದೆ. ಒಮ್ಮೆ ಕುಕ್ಕಿದ ಹಕ್ಕಿ ವಾಂತಿ ಮಾಡಿಕೊಂಡು ಮತ್ತೆ ಇದರ ಹತ್ತಿರ ಬರುವುದಿಲ್ಲ. ಆ ಪಂಪನ್ನು ನಾವು ರೇಷ್ಮೆ ಹುಳುವಿಗೆ ಕೊಟ್ಟಿದ್ದೇವೆ."

ಅಂದರೆ ಹಿಪ್ಪುನೇರಳೆ ಬೇಡ, ನೀರು ಬೇಡ. ಕಲ್ಲುಗುಡ್ಡದ ಎಕ್ಕವೇ ಸಾಕು. ವಿಷ ತುಂಬಿದ ಹುಳುವಿನ ಮೇಲೆ ಊಜಿ ಕೂರುವುದಿಲ್ಲ. ಅಡ್ಡಿಯಿಲ್ಲ ಅನ್ನಿಸಿತು. ಬಾಯಿ ಸುಮ್ಮನಿರಬೇಕಲ್ಲ, "ಅಲ್ಲಾ ಸಾರ್, ಹುಳಕ್ಕೇನೋ ಬೀಗ ಬದಲಾಯಿಸಿದ್ರಿ. ಸಾಕೋರಿಗೆ ಯಾವಾಗ ಬದಲಾಯಿಸ್ತೀರಿ?" ಎಂದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಹತ್ವಾರರೂ ನಕ್ಕರು. ನಾನೂ ನಕ್ಕೆ.

ಪ್ರಯೋಗಕ್ಕೆ ಆರಿಸಿದ್ದು ನನ್ನ ಅಕ್ಕನನ್ನು ಕೊಟ್ಟ ಊರು, ಕಲ್ಲೀಪುರ. ನಲವತ್ತು ಮನೆ. ನನ್ನ ಮಾತಿನ ಮೇಲೆ ನಂಬಿಕೆ ಇಟ್ಟೇ ಒಪ್ಪಿದರು. ಅಕ್ಕ ನಿಂಗಾಜಮ್ಮ ಮಾತ್ರ ಸಸಿಯ ಬುಟ್ಟಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಲೇ ಹೊನ್ನ, ಕೊಟ್ಟ ಮನೆ ಎಕ್ಕುಟ್ಟೋಗ್ಲಿ ಅಂತ ತವರಿಂದ ಸಸಿ ತಂದವ್ನು ನೀನೊಬ್ನೇ ಕಣ್ಲಾ."

"ಬುಡಮ್ಮಿ, ನಿನ್ ತಮ್ಮ ಬಂಗಾರದ ಹುಳ ತಂದವ್ನೆ" ಎಂದು ಬಾವ ಮುದ್ದಹನುಮೇಗೌಡ ಬುಟ್ಟಿ ಇಳಿಸಿಕೊಂಡ. ಬಾವ ಒಳ್ಳೆ ಮನುಷ್ಯ. ಅವನ ಕೈಗೆ ಬಂದ ಹುಳು ಒಂದು ಬೆಳೆಯಲ್ಲೂ ಕೆಟ್ಟದ್ದಿಲ್ಲ. ಹುಳುವಿನ ಮನೆಗೆ ಹೋಗುವ ಮೊದಲು ಮೊಣಕೈ ತನಕ ಉಜ್ಜಿ ತೊಳೆಯುತ್ತಿದ್ದ. ನಾನೇ ಬರೆಸಿದ ಬೋರ್ಡು ಬಾಗಿಲ ಹೊರಗೆ ಇತ್ತು: 'ಕೈ ತೊಳೆದು ಒಳಗೆ ಬನ್ನಿ.' ಮನುಷ್ಯನ ಕೈಯಿಂದ ಹುಳುವಿಗೆ ರೋಗ ಬಾರದಿರಲಿ ಎಂದು ಬರೆಸಿದ್ದು. ಹೊರಗೆ ಬರುವಾಗ ತೊಳೆಯಬೇಕು ಎಂದು ನಾನು ಹೇಳಿರಲಿಲ್ಲ. ಹಳೇ ಹುಳುವಿನಿಂದ ನಮಗೇನೂ ಆಗುತ್ತಿರಲಿಲ್ಲ, ಯಾಕೆ ಹೇಳಲಿ? ಎಕ್ಕದ ಹುಳು ಬಂದ ಮೇಲೂ ಬೋರ್ಡು ಅಲ್ಲೇ, ಹೊರಗೇ ಇತ್ತು. ಕೇಂದ್ರದವರು ಕೈಗವಸು, ಮುಖಗವಸು ಕೊಟ್ಟರು. ಕೈಗವಸು ಹಾಕಿದರೆ ಹುಳುವಿನ ಮೈ ಬೆರಳಿಗೆ ತಿಳಿಯುವುದಿಲ್ಲ ಎಂದು ಬಾವ ಅದನ್ನು ಗೂಟಕ್ಕೆ ನೇತುಹಾಕಿದ. ಪೊರೆಯ ಪುಡಿ, ಹಿಕ್ಕೆ, ಎಲೆಯ ಕಸ ಎಲ್ಲ ಬರಿಗೈಯಲ್ಲಿ ಬಳಿದು, ಬಂದು ಅದೇ ಕೈಯಲ್ಲಿ ಮುದ್ದೆ ಮುರಿಯುತ್ತಿದ್ದ.

ಇನ್ನು ನನ್ನ ಘನಕಾರ್ಯ ಹೇಳುತ್ತೇನೆ.

ಕೇಂದ್ರಕ್ಕೆ ದಿನವೂ ವರದಿ ಬೇಕಿತ್ತು, ಹುಳುವಿನದು ಮತ್ತು ಮನುಷ್ಯರದು. ಅದಕ್ಕೆ 'ಹುಳುವಾಣಿ' ಎಂಬ ಫೋನ್ ನಂಬರು ಮಾಡಿದರು. ಆ ಕಡೆ ಮನುಷ್ಯರಿಲ್ಲ, ಯಂತ್ರ. ಜನ ಹೇಳಿದ್ದನ್ನು ಕೇಳಿ, ಬರೆದುಕೊಂಡು, ಉತ್ತರ ಹೇಳುತ್ತದೆ. ಮನುಷ್ಯರ ತೊಂದರೆ ಇದ್ದರೆ ಕಂಟ್ರೋಲ್ ರೂಮಿನಲ್ಲಿ ಕೆಂಪು ದೀಪ ಹೊತ್ತಿ ಡಾಕ್ಟರು ಹೊರಡುತ್ತಾರೆ. ಎರಡು ನಂಬರು ಇದ್ದರೆ ಹಳ್ಳಿಯವರಿಗೆ ಗೊಂದಲ, ಎರಡಕ್ಕೂ ಒಂದೇ ಇರಲಿ ಎಂದವನು ನಾನು. ಯಂತ್ರಕ್ಕೆ ಪುಸ್ತಕದ ಕನ್ನಡ ಬರುತ್ತಿತ್ತು, ನಮ್ಮದು ಬರುತ್ತಿರಲಿಲ್ಲ. ಮೊದಲ ವಾರ ಒಬ್ಬ ಹೆಂಗಸು "ಹುಳ ಎಲ್ಲಾ ಜ್ವರಕ್ಕೆ ಕೂತವೆ" ಎಂದಳು. ಕೆಂಪು ದೀಪ ಹೊತ್ತಿ, ಆಂಬುಲೆನ್ಸು ಕಲ್ಲೀಪುರಕ್ಕೆ ಓಡಿತು. ಊರೆಲ್ಲ ಬಿದ್ದು ಬಿದ್ದು ನಕ್ಕಿತು.

ಹುಳು ಸಾಕುವವರಿಗೆ ಗೊತ್ತು. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತೇವೆ. ಪೊರೆ ಕಳಚಿದರೆ 'ಜ್ವರದಿಂದ ಎದ್ದವು' ಎನ್ನುತ್ತೇವೆ. ಹತ್ವಾರರು ನನ್ನನ್ನು ಕೂರಿಸಿಕೊಂಡು, "ಇಂಥ ಮಾತೆಲ್ಲ ಪಟ್ಟಿ ಮಾಡಿಕೊಡಿ" ಎಂದರು. ನಾನು ನಾನೂರ ಹನ್ನೆರಡು ಮಾತು ಬರೆದುಕೊಟ್ಟೆ. ಜ್ವರ ಎಂದರೆ ಪೊರೆ ಬಿಡುವುದು. ಹಣ್ಣಾಗುವುದು ಎಂದರೆ ಹುಳು ಮೇವು ಬಿಟ್ಟು, ಮೈ ಹಳದಿಯಾಗಿ, ಗೂಡು ಕಟ್ಟಲು ಸಿದ್ಧವಾಗುವುದು. ಹೋದವು ಎಂದರೆ ಸತ್ತವು. "ಈ ಊರಿನಲ್ಲಿ ಜ್ವರ ಅಂದ್ರೆ ಹುಳದ್ದೇ. ಕಣ್ಣು ಮುಚ್ಚಿ ಹಾಗೇ ತಿಳ್ಕೊಳ್ಳಿ ಸಾರ್" ಎಂದು ನನ್ನ ಕೈಯಿಂದಲೇ ಬರೆದೆ. ಕೆಂಪು ದೀಪ ಸುಮ್ಮಸುಮ್ಮನೆ ಹೊತ್ತುವುದು ನಿಂತಿತು. ನನಗೆ ಶಾಲು ಹೊದಿಸಿದರು.

ಇಷ್ಟಾದರೂ ಜನ ನನಗೇ ಫೋನ್ ಮಾಡುತ್ತಿದ್ದರು. ನನಗೆ ಹೇಳಿದ್ದು ದಾಖಲೆಗೆ ಹೋಗುವುದಿಲ್ಲವಲ್ಲ, ಹತ್ವಾರರಿಗೆ ಪೇಚಾಟ. ಹಾಗಾಗಿ ಊರಿನ ಸಭೆಯಲ್ಲಿ ನಾನು, "ಇನ್ಮೇಲೆ ಏನಿದ್ರೂ ಹುಳುವಾಣಿಗೆ ಹೇಳಿ. ನನ್ನ ಅಕ್ಕನೇ ಫೋನ್ ಮಾಡಿದ್ರೂ ನಾ ಎತ್ತಾಕಿಲ್ಲ!" ಎಂದೆ. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮೂರು ಬೆಳೆ ಚೆನ್ನಾಗಿ ಬಂದವು. ಗೂಡು ಸ್ವಲ್ಪ ಹಸಿರು ಛಾಯೆ, ಗಟ್ಟಿ ದಾರ. ನಾಲ್ಕನೇ ಬೆಳೆಯ ಹೊತ್ತಿಗೆ ಬಾವನಿಗೆ ಊಟ ಸೇರದಾಯಿತು. ವಾರಗಟ್ಟಲೆ ಸುಸ್ತು ಎನ್ನುತ್ತಿದ್ದನಂತೆ. ಒಂದು ಸೋಮವಾರ ಬೆಳಿಗ್ಗೆ ಕಂಬಳಿ ಹೊದ್ದು ಗೋಡೆಗೆ ಒರಗಿ ಕುಳಿತವನು ಏಳಲಿಲ್ಲ. ಮೈ ಮುಟ್ಟಿದರೆ ಬಿಸಿಯಿರಲಿಲ್ಲ, ತಣ್ಣಗಿತ್ತು. ಆದರೂ ಅಕ್ಕನ ಬಾಯಿಗೆ ಬಂದದ್ದು ಜ್ವರ ಎಂಬ ಮಾತೇ. ಉಣ್ಣದೆ, ಮಾತಾಡದೆ, ತಲೆ ಎತ್ತಿ ಕೂತವರನ್ನು ಹುಳು ಸಾಕುವ ಮನೆಯಲ್ಲಿ ಇನ್ನೇನನ್ನಬೇಕು? ನಾನು ಹೇಳಿಕೊಟ್ಟ ಹಾಗೆ ಅಕ್ಕ ಹುಳುವಾಣಿಗೆ ಫೋನ್ ಮಾಡಿದಳು. ಆ ಮಾತುಗಳನ್ನು ಆಮೇಲೆ ನಾನು ಕಿವಿಯಾರೆ ಕೇಳಿದ್ದೇನೆ.

"ಜ್ವರಕ್ಕೆ ಕೂತಂಗೆ ಕೂತವ್ರೆ ಕಣಪ್ಪ. ಬೆಳಗಿಂದ ಏನೂ ತಿಂದಿಲ್ಲ. ಅಲ್ಲಾಡಾಕಿಲ್ಲ."

"ವರದಿ ದಾಖಲಾಗಿದೆ" ಎಂದಿತು ಯಂತ್ರ, ಸಮಾಧಾನದ ಹೆಣ್ಣು ಧ್ವನಿಯಲ್ಲಿ. "ಜ್ವರ ಸಹಜ. ಗಾಬರಿ ಬೇಡ. ತಿನ್ನಲು ಏನೂ ಕೊಡಬೇಡಿ. ಮುಟ್ಟದೆ, ಸದ್ದು ಮಾಡದೆ ಬಿಡಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ತಾವಾಗಿಯೇ ಏಳುತ್ತವೆ."

ಅಕ್ಕ 'ಏಳುತ್ತವೆ' ಎಂದದ್ದನ್ನು ಗಮನಿಸಿದ್ದಳು. "ಏಳ್ತಾರೆ ಅನ್ನಬೇಕಿತ್ತು, ಏಳ್ತವೆ ಅಂತು. ಮಿಷನ್ನು, ಅದ್ಕೆ ಮನುಷ್ಯರ್ಯಾರು ದನ ಯಾವ್ದು ಅಂತ ಏನ್ ಗೊತ್ತು ಅಂದ್ಕಂಡೆ ಕಣ್ಲಾ" ಎಂದು ಆಮೇಲೆ ನನಗೆ ಹೇಳಿದಳು. ಅವಳು ಬಾವನಿಗೆ ಗಂಜಿ ಕೊಡಲಿಲ್ಲ. ಮಗ್ಗುಲಿನ ಮನೆಯ ರೇಡಿಯೋ ಸದ್ದು ತಗ್ಗಿಸಲು ಹೇಳಿ ಬಂದಳು.

ಮಂಗಳವಾರ ಬಾವ ವಾಂತಿ ಮಾಡಿಕೊಂಡ. ಅಕ್ಕ ಮತ್ತೆ ಹೇಳಿದಳು. ಹುಳುವಿಗೂ ವಾಂತಿಯಾಗುವ ರೋಗವೊಂದಿದೆ. ಅದೂ ನನ್ನ ಪಟ್ಟಿಯಲ್ಲಿತ್ತು. "ಸೆಕೆಗೆ ಹೀಗಾಗುತ್ತದೆ. ಕಿಟಕಿ ತೆರೆದು ಗಾಳಿಯಾಡಲು ಬಿಡಿ. ನೆಲ ಒಣಗಿರಲಿ" ಎಂದಿತು ಯಂತ್ರ. ಅಕ್ಕ ಕಿಟಕಿ ತೆರೆದು, ನೆಲ ಒರೆಸಿ, ಚಾಪೆಯನ್ನು ಗಾಳಿಗೆ ಎಳೆದು ಹಾಕಿ, ಗಂಡನನ್ನು ಅಲ್ಲಿ ಮಲಗಿಸಿದಳು. ಡಾಕ್ಟರೇ ಹೇಳಿದ ಹಾಗಿತ್ತಂತೆ. ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದಳು.

ಬುಧವಾರ ಕೇಂದ್ರಕ್ಕೆ ದೊಡ್ಡವರು ಬಂದಿದ್ದರು. ಪ್ರಯೋಗದ ವರದಿ ಒಪ್ಪಿಸುವ ದಿನ. ಮೊಬೈಲುಗಳನ್ನೆಲ್ಲ ಬಾಗಿಲಲ್ಲಿ ಇಟ್ಟು ಒಳಗೆ ಹೋಗಿದ್ದೆವು. ಗೋಡೆಯ ಪರದೆಯ ಮೇಲೆ ಎರಡೇ ಸಾಲು ದೊಡ್ಡದಾಗಿ ಕಾಣುತ್ತಿದ್ದವು. ಊಜಿ ಕಾಟ: ಸೊನ್ನೆ. ಮನುಷ್ಯರಿಗೆ ತೊಂದರೆ: ಸೊನ್ನೆ. ಕ್ಷೇತ್ರದ ಮಾಹಿತಿ ಸರಿಯಿದೆ ಎಂದು ನಾನು ಸಹಿ ಹಾಕಬೇಕಿತ್ತು. ಹಾಕಿದೆ. ಹನ್ನೊಂದು ಗಂಟೆ ಇರಬೇಕು. ಮೈಸೂರುಪಾಕು ಕೊಟ್ಟರು, ಎರಡು ತಿಂದೆ.

ಅದೇ ಹನ್ನೊಂದು ಗಂಟೆಗೆ ಅಕ್ಕ ಮೂರನೇ ಸಲ ಹುಳುವಾಣಿಯೊಂದಿಗೆ ಮಾತಾಡುತ್ತಿದ್ದಳು. "ಇನ್ನೂ ಎದ್ದಿಲ್ಲ ಕಣಪ್ಪ. ನೀರೂ ಸೇರಾಕಿಲ್ಲ. ಕತ್ತು ಮೇಲಕ್ಕೆತ್ಕಂಡು ಅತ್ಲಾಗಿತ್ಲಾಗ್ ನೋಡ್ತವ್ರೆ. ಎಲ್ಲಾ ಹಳದಿ, ಎಲ್ಲಾ ಹಳದಿ ಅಂತವ್ರೆ."

ಎಕ್ಕದ ವಿಷ ಏರಿದವರ ಕಣ್ಣಿಗೆ ಲೋಕವೆಲ್ಲ ಹಳದಿಯಾಗಿ ಕಾಣುತ್ತದೆ. ಇದು ಹತ್ವಾರರಿಗೆ ಗೊತ್ತಿತ್ತು. ಯಂತ್ರಕ್ಕೆ ಗೊತ್ತಿದ್ದದ್ದು ನನ್ನ ಪಟ್ಟಿ ಮಾತ್ರ. ಮೇವು ಬಿಟ್ಟಿದೆ, ತಲೆ ಎತ್ತಿದೆ, ಹಳದಿಯಾಗಿದೆ.

"ಸಂತೋಷದ ಸುದ್ದಿ!" ಎಂದಿತು. "ಹಣ್ಣಾಗಿವೆ. ತಡಮಾಡದೆ ಚಂದ್ರಿಕೆಗೆ ಬಿಡಿ."

ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆ. ಧ್ವನಿಮುದ್ರಣದಲ್ಲಿ ಆಮೇಲೆ ಕೇಳುವುದು ಅಕ್ಕನ ಗಂಟಲು ಹರಿದ ಕೂಗು. "ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ಹುಳ ಅಲ್ಲ ಕಣೇ! ನಮ್ಮನೆಯವ್ರು ಕಣೇ, ನಮ್ಮನೆಯವ್ರು!" ಫೋನ್ ಬಿದ್ದ ಸದ್ದು.

ನನಗೆ ಹತ್ತು ಸಲ ಫೋನ್ ಮಾಡಿದ್ದಾಳೆ. ಮೊಬೈಲು ಬಾಗಿಲ ಪೆಟ್ಟಿಗೆಯಲ್ಲಿತ್ತು. ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಹೊತ್ತೊಯ್ದಾಗ ಬಾವನ ನಾಡಿ ನಿಮಿಷಕ್ಕೆ ಮೂವತ್ತು ಹೊಡೆಯುತ್ತಿತ್ತಂತೆ. "ಸೋಮವಾರವೇ ತಂದಿದ್ರೆ ನೋಡಬಹುದಿತ್ತು, ಅಮ್ಮ. ಎರಡು ದಿನ ಮನೇಲೇ ಇಟ್ಕೊಂಡು ಏನು ಮಾಡ್ತಿದ್ರಿ?" ಎಂದು ಕೇಳಿದರಂತೆ ಡಾಕ್ಟರು. ನಾನು ಓಡಿ ತಲುಪುವಷ್ಟರಲ್ಲಿ ಮುಗಿದಿತ್ತು. ಐವತ್ತಾರು ವಯಸ್ಸು, ಹೃದಯ ನಿಂತಿದೆ ಎಂದು ಚೀಟಿ ಬರೆದುಕೊಟ್ಟರು. ಗುರುವಾರ ಮಣ್ಣು ಮಾಡಿದೆವು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಕ್ಕ ನನ್ನನ್ನು ಹುಳುವಿನ ಮನೆಯ ಬಾಗಿಲಿಗೆ ಕರೆದಳು. ಅಷ್ಟು ದಿನ ನನ್ನ ಮುಖ ನೋಡಿರಲಿಲ್ಲ. ಈಗ ನೋಡಿದಳು.

"ಸೊನ್ನೆ ಅಂದವ್ರಂತಲ್ಲ ನಿಮ್ಮೋರು. ಪೇಪರಲ್ಲಿ ಬಂದದಂತೆ. ಮನುಷ್ಯರಿಗೇನೂ ಆಗಿಲ್ಲ ಅಂತ."

"ಊಂ ಅಕ್ಕ."

"ನಿಮ್ ಬಾವ ಸೊನ್ನೆಯೇನ್ಲಾ?"

ನನ್ನ ಕಣ್ಣು ಬಾಗಿಲ ಬೋರ್ಡಿನ ಮೇಲೆ ಹೋಯಿತು.

"ನೀನೂ ರುಜು ಹಾಕಿದ್ದೀಯಂತೆ. ಆಗ್ಲಿ. ನಿನ್ನ ಬೈಯಾಕೆ ಕರ್ದಿಲ್ಲ. ನಂಗೆ ದುಡ್ಡು ಬ್ಯಾಡ, ನಿಮ್ ಶಾಲು ಬ್ಯಾಡ. ಅವ್ರನ್ನ ಮನುಷ್ಯರ ಸಾಲಿಗೆ ಸೇರ್ಸು. ಆ ಸೊನ್ನೆ ಅಳಿಸಿ ಒಂದು ಬರೆಸು. ಇಲ್ದಿದ್ರೆ ಮುಂದ್ಲೂರಲ್ಲೂ ಹಿಂಗೇ ಅದೇ ಕೈಯಾಗೆ ಉಣ್ತಾರೆ, ಇನ್ಯಾವಳೋ ಕಿಟಕಿ ತೆಗ್ದು ಕಾಯ್ತಾ ಕೂತಿರ್ತಾಳೆ." ನಾನು ಅವಳ ಕಾಲು ಮುಟ್ಟಿ ಬರೆಸುತ್ತೇನೆ ಎಂದೆ.

ಮಾರನೇ ದಿನ ಹತ್ವಾರರ ಮುಂದೆ ನಿಂತೆ. ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. "ನನಗೆ ನಿಮ್ಮ ಮೇಲೆ ಅನುಮಾನವಿಲ್ಲ, ಹೊನ್ನಯ್ಯ. ಆದರೆ ಆಸ್ಪತ್ರೆಯ ಚೀಟಿಯಲ್ಲಿ ವಿಷದ ಮಾತಿಲ್ಲ. ರಕ್ತ ತೆಗೆದಿಟ್ಟಿಲ್ಲ. ಸೋಮವಾರದಿಂದ ಇನ್ನೂರು ಊರಿಗೆ ಸಸಿ ಹೋಗುತ್ತದೆ. ಅದನ್ನು ತಡೆಯಬೇಕಾದರೆ ನನಗೆ ದಾಖಲೆ ಬೇಕು. ಅವರ ಮನೆಯಿಂದ ಮನುಷ್ಯರ ತೊಂದರೆ ಎಂದು ಒಂದೇ ಒಂದು ಕರೆ ದಾಖಲಾಗಿದ್ದರೂ ಸಾಕು, ಇವತ್ತೇ ನಿಲ್ಲಿಸುತ್ತೇನೆ."

ಒಂದೇ ಒಂದು ಕರೆ. ಅಕ್ಕ ಮೂರು ಸಲ ಕರೆ ಮಾಡಿದ್ದಳು. ನನಗೆ ಜೀವ ಬಂದ ಹಾಗಾಯಿತು.

ಕಂಟ್ರೋಲ್ ರೂಮಿನಲ್ಲಿ ಇಂಚರಾ ಎಂಬ ಹುಡುಗಿ ಇದ್ದಳು. ಪಟ್ಟಿ ಮಾಡುವಾಗ ನನ್ನ ಜೊತೆ ಕುಳಿತು, ನನ್ನ ಒಂದೊಂದು ಮಾತಿಗೂ ಹೊಟ್ಟೆ ಹಿಡಿದು ನಗುತ್ತಿದ್ದವಳು. ವಾರಗಟ್ಟಲೆ ರಜೆಯ ಮೇಲಿದ್ದು ಅಂದೇ ಬಂದಿದ್ದಳು, ಯಾವ ಸುದ್ದಿಯೂ ತಿಳಿದಿರಲಿಲ್ಲ. ಕಿವಿಗೆ ಹಾಕಿಕೊಳ್ಳುವುದನ್ನು ಕೊಟ್ಟು, ಹದಿನೇಳನೇ ಮನೆಯ, ಅಂದರೆ ಅಕ್ಕನ ಮನೆಯ, ಕರೆಗಳನ್ನು ತೆಗೆದಳು. ಸೋಮವಾರ: ಪೊರೆ ಬಿಡುವುದು, ಸಹಜ. ಮಂಗಳವಾರ: ಸೆಕೆ. ಬುಧವಾರ: ಹಣ್ಣಾಗಿವೆ. ಬುಧವಾರದ ಕೂಗಾಟವನ್ನು ಯಂತ್ರ 'ಹೊರಗಿನ ಗದ್ದಲ' ಎಂದು ಬರೆದುಕೊಂಡಿತ್ತು. ಮೂರೂ ಹುಳುವಿನ ಸಾಲಿನಲ್ಲೇ ಇದ್ದವು. ಕೆಳಗೆ ನಾಲ್ಕನೆಯದೊಂದಿತ್ತು. ಗುರುವಾರ ಬೆಳಿಗ್ಗೆಯದು. ಅಕ್ಕ ಮಾಡಿದ್ದಲ್ಲ, ಯಂತ್ರವೇ ಅವಳಿಗೆ ಮಾಡಿದ್ದು. ಹಣ್ಣಾದವು ಎಂದವರಿಗೆ ಮಾರನೇ ದಿನ ಫೋನ್ ಮಾಡಿ ವಿಚಾರಿಸಬೇಕು ಎಂದು ಹೇಳಿಕೊಟ್ಟಿದ್ದವನೂ ನಾನೇ. ಇದನ್ನು ಅಕ್ಕ ನನಗೆ ಹೇಳಿರಲಿಲ್ಲ.

ಹಿಂದೆ ಹೆಂಗಸರು ಅಳುವುದು ಕೇಳಿಸುತ್ತಿತ್ತು. ಬಾವನ ಹೆಣ ಇನ್ನೂ ಅಂಗಳದಲ್ಲಿದ್ದ ಹೊತ್ತು. ಯಾರೋ ಫೋನು ಅವಳ ಕಿವಿಗೆ ಇಟ್ಟಿರಬೇಕು.

"ನಮಸ್ಕಾರ, ಹುಳುವಾಣಿ. ನಿನ್ನೆಯವು ಚಂದ್ರಿಕೆಗೆ ಏರಿದವೇ?"

"ಹೋಗ್ಬುಟ್ರು ಕಣವ್ವಾ... ಹೋಗ್ಬುಟ್ರು."

"ಎಷ್ಟು ಹೋಗಿವೆ?"

"ಎಷ್ಟು ಅಂತ ಕೇಳ್ತೀಯಲ್ಲೇ... ನಂಗಿದ್ದಿದ್ದೇ ಒಂದು ಜೀವ. ಒಂದೇ ಕಣೇ ನಂಗಿದ್ದಿದ್ದು. ಒಂದೇ."

"ಒಂದು. ದಾಖಲಾಗಿದೆ. ನಷ್ಟ ಸಹಜ ಮಿತಿಯಲ್ಲಿದೆ. ಧನ್ಯವಾದ."

ನಾನು ಕಿವಿಯದನ್ನು ತೆಗೆದಿಟ್ಟೆ. ಪರದೆಯ ಮೇಲೆ ಹದಿನೇಳನೇ ಮನೆಯ ಮುಂದೆ ಎರಡು ಅಂಕಿ ಇದ್ದವು. ಮನುಷ್ಯರು: ಸೊನ್ನೆ. ಹುಳು ನಷ್ಟ: ಒಂದು.

"ಇಂಚರಾ, ಈ ಒಂದನ್ನ ಇಲ್ಲಿಂದ ತೆಗೆದು ಮೇಲಿನ ಸಾಲಿಗೆ ಹಾಕಮ್ಮ" ಎಂದೆ.

"ಆಗಲ್ಲ ಸಾರ್. ವರದಿ ಮುಚ್ಚಿ ಆಯ್ತು, ನಿಮ್ಮ ಸಹಿನೂ ಇದೆ. ಅದೂ ಅಲ್ದೆ, ಒಂದು ಮನೇಲಿ ಇಪ್ಪತ್ತು ಸಾವಿರ ಹುಳ ಇರ್ತವೆ. ಒಂದು ಹುಳಕ್ಕೆ ಯಾಕೆ ಸಾರ್ ಇಷ್ಟು ತಲೆ ಕೆಡಿಸ್ಕೊಳ್ತೀರಾ?"

"ಅದು ಹುಳ ಅಲ್ಲಮ್ಮ. ನನ್ನ ಬಾವ."

ಇಂಚರಾ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಎಂದಿನಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.